ಜಂಜಿಬಾರಿನ ಅತ್ತೆ: ವಿಕ್ಟೋರಿಯನ್ ಪ್ರಹಸನವೊಂದನ್ನು ಬಳ್ಳಾರಿಯ ರಂಗಕ್ಕೆ ತರುವ ಕ್ರಮ

ಬ್ರ್ಯಾಂಡನ್ ಥಾಮಸ್ ಬರೆದ ‘ಚಾರ್ಲೀಸ್ ಆಂಟ್’ ಎಂಬ ಮೂರಂಕದ ಪ್ರಹಸನವು 1892ರ ಫೆಬ್ರವರಿ 29ರಂದು ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಮೊದಲು ರಂಗವೇರಿತು. ಅದೇ ವರ್ಷದ ಡಿಸೆಂಬರ್ 21ಕ್ಕೆ ಲಂಡನ್ನಿನ ರಾಯಲ್ಟಿ ಥಿಯೇಟರಿಗೆ ಬಂದು, ಮರುತಿಂಗಳು ಅದಕ್ಕಿಂತ ದೊಡ್ಡದಾದ ಗ್ಲೋಬ್ ಥಿಯೇಟರಿಗೆ ಸ್ಥಳಾಂತರಗೊಂಡು, 1896ರ ಡಿಸೆಂಬರಿನಲ್ಲಿ ನಿಲ್ಲುವಷ್ಟರಲ್ಲಿ ಒಟ್ಟು 1,466 ಪ್ರಯೋಗಗಳನ್ನು ಕಂಡು ಆವರೆಗಿನ ದಾಖಲೆಯನ್ನು ಮುರಿದಿತ್ತು. ಇಷ್ಟು ಓಡಿದ ನಾಟಕವೆಂಬ ಒಂದೇ ಕಾರಣಕ್ಕೆ ಅದನ್ನು ಇಂದು ಎತ್ತಿಕೊಳ್ಳಬೇಕಾಗಿಲ್ಲ. ಬಳ್ಳಾರಿ ಸೀಮೆಯ ಹವ್ಯಾಸಿ ತಂಡಗಳಿಗೆ ನಾನು ಇದನ್ನೇ ಸೂಚಿಸುವುದಕ್ಕೆ ಬೇರೆ ಕಾರಣವಿದೆ. ಈ ನಾಟಕದ ಮುಖ್ಯ ಘಟನೆಯೆಂದರೆ ಗಂಡಸೊಬ್ಬ ಹೆಣ್ಣುವೇಷ ಹಾಕುವುದು. ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳನ್ನು ಕಂಡು ಬೆಳೆದ ಈ ಸೀಮೆಯ ಪ್ರೇಕ್ಷಕರಿಗೆ ಆ ವೇಷದ ಬಗ್ಗೆ ಲಂಡನ್ನಿನವರಿಗಿಂತ ಹೆಚ್ಚು ತಿಳಿವಳಿಕೆಯಿದೆ. ಆ ತಿಳಿವಳಿಕೆಯನ್ನು ಹೇಗೆ ಬಳಸಿಕೊಳ್ಳಬೇಕು, ಎಲ್ಲಿ ಅದಕ್ಕೆ ಕಡಿವಾಣ ಹಾಕಬೇಕು ಎಂಬುದೇ ಈ ಬರಹದ ವಿಷಯ.

ಕಥೆಯ ಕೀಲು ಎಲ್ಲಿದೆ

ಆಕ್ಸ್‌ಫರ್ಡಿನಲ್ಲಿ ಓದುತ್ತಿರುವ ಜ್ಯಾಕ್ ಮತ್ತು ಚಾರ್ಲಿ ಎಂಬ ಗೆಳೆಯರು ಕಿಟ್ಟಿ ಮತ್ತು ಏಮಿ ಎಂಬ ಹುಡುಗಿಯರನ್ನು ಪ್ರೀತಿಸುತ್ತಿದ್ದಾರೆ. ಹುಡುಗಿಯರನ್ನು ಊಟಕ್ಕೆ ಕರೆಯಬೇಕಾದರೆ ಜೊತೆಗೊಬ್ಬ ಹಿರಿಯ ಹೆಂಗಸು ಇರಲೇಬೇಕು. ಚಾರ್ಲಿಯು ಈವರೆಗೆ ಕಂಡೇ ಇರದ ಶ್ರೀಮಂತ ವಿಧವೆ ಅತ್ತೆ ಡೋನಾ ಲೂಸಿಯಾ ಅಂದೇ ಬ್ರೆಜಿಲಿನಿಂದ ಬರುವವಳಿದ್ದಾಳೆ. ಹುಡುಗಿಯರು ಒಪ್ಪಿದ ಮೇಲೆ, ಅತ್ತೆಯ ಪ್ರಯಾಣ ಕೆಲವು ದಿನ ಮುಂದೆ ಹೋಯಿತೆಂಬ ತಂತಿ ಬರುತ್ತದೆ. ಕಾಲೇಜು ನಾಟಕವೊಂದಕ್ಕಾಗಿ ಮುದುಕಿಯ ಉಡುಪನ್ನು ತಂದಿಟ್ಟುಕೊಂಡಿದ್ದ ಗೆಳೆಯ ಬಾಬರ್ಲಿಯನ್ನು ಇಬ್ಬರೂ ಸೇರಿ ಅತ್ತೆಯನ್ನಾಗಿ ಮಾಡುತ್ತಾರೆ. ಸಾಲದಲ್ಲಿರುವ ಜ್ಯಾಕನ ತಂದೆ ಸರ್ ಫ್ರಾನ್ಸಿಸ್, ಕಿಟ್ಟಿಯ ಪೋಷಕನಾದ ಹಣದಾಸೆಯ ಸ್ಪೆಟಿಗ್ಯೂ, ಇಬ್ಬರೂ ಈ ಸುಳ್ಳು ಅತ್ತೆಯನ್ನು ಮದುವೆಯಾಗಲು ಮುಂದಾಗುತ್ತಾರೆ. ಅಷ್ಟರಲ್ಲಿ ನಿಜವಾದ ಅತ್ತೆ ಬಂದೇ ಬಿಡುತ್ತಾಳೆ. ತನ್ನ ಹೆಸರಿನಲ್ಲಿ ಇನ್ನೊಬ್ಬರು ಕುಳಿತಿರುವುದನ್ನು ಕಂಡು, ಬೇರೊಂದು ಹೆಸರು ಹೇಳಿಕೊಂಡು, ಈ ಆಟ ಎಲ್ಲಿಯವರೆಗೆ ಹೋಗುತ್ತದೆಂದು ನೋಡುತ್ತಾ ಉಳಿಯುತ್ತಾಳೆ.

ನಾಟಕವನ್ನು ಹೊಸದಾಗಿ ಕಟ್ಟಲು ಹೊರಟವರು ಮೊದಲು ಮಾಡಬೇಕಾದ ಕೆಲಸವೆಂದರೆ ಒಂದು ಉದ್ದನೆಯ ಹಾಳೆಯಲ್ಲಿ ಪಾತ್ರಗಳ ಹೆಸರನ್ನು ಎಡಗಡೆಗೂ ದೃಶ್ಯಗಳನ್ನು ಮೇಲ್ಗಡೆಗೂ ಬರೆದು, ಯಾವ ಪಾತ್ರಕ್ಕೆ ಯಾವ ದೃಶ್ಯದಲ್ಲಿ ಏನು ಗೊತ್ತಿದೆ ಎಂಬುದನ್ನು ತುಂಬಿಸುವುದು. ಜ್ಯಾಕ್, ಚಾರ್ಲಿ, ಬಾಬರ್ಲಿ ಮತ್ತು ಆಳು ಬ್ರಾಸೆಟ್‌ಗೆ ಮೊದಲಿನಿಂದಲೇ ಎಲ್ಲವೂ ಗೊತ್ತು. ನಿಜವಾದ ಅತ್ತೆಗೆ ಎರಡನೆಯ ಅಂಕದಲ್ಲಿ ಬಂದ ಕೂಡಲೇ ಗೊತ್ತಾಗುತ್ತದೆ, ಆದರೆ ಅವಳಿಗೆ ಗೊತ್ತಾಗಿದೆಯೆಂಬುದು ಉಳಿದವರಿಗೆ ಗೊತ್ತಿಲ್ಲ. ಸ್ಪೆಟಿಗ್ಯೂಗೆ ಕೊನೆಯವರೆಗೂ ಏನೂ ಗೊತ್ತಾಗುವುದಿಲ್ಲ. ಈ ಪಟ್ಟಿಯನ್ನು ತಾಲೀಮಿನ ಕೋಣೆಯ ಗೋಡೆಗೆ ಅಂಟಿಸಿಡಬೇಕು. ಪ್ರಹಸನದಲ್ಲಿ ನಗು ಹುಟ್ಟುವುದು ಮಾತಿನ ಚಮತ್ಕಾರದಿಂದ ಅಲ್ಲ, ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿರುವುದರಿಂದ. ಹೊಸ ಕಾಲದ ಪ್ರೇಕ್ಷಕರಿಗೆ ಹಿಡಿಸಲೆಂದು ನಡುನಡುವೆ ರಾಜಕೀಯದ ಚಟಾಕಿಗಳನ್ನೂ ಸಿನಿಮಾದ ಡೈಲಾಗುಗಳನ್ನೂ ತುರುಕುವ ಚಾಳಿ ನಮ್ಮಲ್ಲಿ ಬಲವಾಗಿದೆ. ಅಂಥ ಪ್ರತಿಯೊಂದು ಚಟಾಕಿಯೂ ಈ ಪಟ್ಟಿಯ ಬಿಗಿಯನ್ನು ಒಂದಿಷ್ಟು ಸಡಿಲಿಸುತ್ತದೆ, ಹತ್ತು ಚಟಾಕಿಗಳಾದರೆ ಯಾರಿಗೆ ಏನು ಗೊತ್ತೆಂಬುದನ್ನೇ ಪ್ರೇಕ್ಷಕ ಮರೆಯುತ್ತಾನೆ.

ಹಕ್ಕಿನ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಬ್ರ್ಯಾಂಡನ್ ಥಾಮಸ್ ತೀರಿಕೊಂಡದ್ದು 1914ರಲ್ಲಿ. ಭಾರತದ ಕಾಯಿದೆಯಂತೆ ಲೇಖಕ ಸತ್ತ ಮೇಲೆ 60 ವರ್ಷಗಳವರೆಗೆ ಮಾತ್ರ ಕೃತಿಸ್ವಾಮ್ಯ ಇರುವುದರಿಂದ ಮೂಲ ಇಂಗ್ಲಿಷ್ ನಾಟಕವನ್ನು ಯಾರು ಬೇಕಾದರೂ ಅನುವಾದಿಸಿ ಆಡಬಹುದು. ಆದರೆ ಬೇರೆಯವರು ಮಾಡಿದ ಅನುವಾದ ಅಥವಾ ರೂಪಾಂತರಕ್ಕೆ ಪ್ರತ್ಯೇಕ ಹಕ್ಕಿರುತ್ತದೆ; ಅದನ್ನು ಆಡುವುದಾದರೆ ಲಿಖಿತ ಒಪ್ಪಿಗೆ ಬೇಕು. ಮೂಲವನ್ನೇ ಓದಿ ಸ್ವಂತ ರೂಪಾಂತರ ಮಾಡಿಕೊಳ್ಳುವುದು ಲೇಸು.

ಯಾವ ಕಾಲ, ಯಾವ ಊರು

ರೂಪಾಂತರಕಾರರು ಎದುರಿಸುವ ಮೊದಲ ಆಮಿಷ ನಾಟಕವನ್ನು ಇಂದಿನ ಕಾಲಕ್ಕೆ ತರುವುದು. ಈ ನಾಟಕದ ಮಟ್ಟಿಗೆ ಅದು ಆಗದ ಮಾತು. ಚಾರ್ಲಿ ತನ್ನ ಅತ್ತೆಯ ಮುಖವನ್ನೇ ನೋಡಿಲ್ಲವೆಂಬುದರ ಮೇಲೆ ಇಡೀ ಕಥೆ ನಿಂತಿದೆ, ಇಂದಿನ ಅತ್ತೆಯಾದರೋ ದಿನಕ್ಕೆರಡು ಸಲ ವಾಟ್ಸ್‌ಆ್ಯಪಿನಲ್ಲಿ ಶುಭೋದಯದ ಚಿತ್ರ ಕಳಿಸುತ್ತಾಳೆ. ತಡವಾಗಿ ಬರುವ ತಂತಿಯೂ ಕಥೆಗೆ ಬೇಕು. ನಮ್ಮ ದೇಶದಲ್ಲಿ ತಂತಿಸೇವೆ ನಿಂತದ್ದು 2013ರ ಜುಲೈನಲ್ಲಿ. ಹಾಗೆಂದು 1892ರ ಆಕ್ಸ್‌ಫರ್ಡಿನಲ್ಲಿಯೇ ಕಥೆಯನ್ನಿಟ್ಟು, ಬಳ್ಳಾರಿಯ ಹುಡುಗರಿಗೆ ಕೋಟು ತೊಡಿಸಿ ಗ್ರಾಂಥಿಕ ಕನ್ನಡ ಆಡಿಸಿದರೆ, ಪ್ರೇಕ್ಷಕರು ಮೊದಲ ಕಾಲು ಗಂಟೆಯನ್ನು ಹೆಸರುಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಕಳೆಯುತ್ತಾರೆ.

ನನ್ನ ಸಲಹೆ 1952ರ ಬಳ್ಳಾರಿ. ಈ ವರ್ಷವನ್ನು ಆಯ್ಕೆ ಮಾಡುವುದಕ್ಕೆ ಹಲವು ಕಾರಣಗಳಿವೆ. ಬಳ್ಳಾರಿ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಊರಿನಲ್ಲಿ ಕಾಲೇಜು ಬಂದು ಕೆಲವೇ ವರ್ಷಗಳಾಗಿದ್ದವು, ಹಳ್ಳಿಗಳಿಂದ ಬಂದ ಹುಡುಗರು ಕೋಣೆ ಬಾಡಿಗೆಗೆ ಹಿಡಿದು ಓದುತ್ತಿದ್ದರು. ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆದಿದ್ದರಿಂದ ಹೊರಗಿನವರ ಓಡಾಟ ಹೆಚ್ಚಾಗಿತ್ತು. ಮದುವೆಯಾಗದ ಹುಡುಗಿಯರು ಹಿರಿಯರಿಲ್ಲದೆ ಹುಡುಗರ ಕೋಣೆಗೆ ಬರುವಂತಿರಲಿಲ್ಲ ಎಂಬುದನ್ನು ವಿವರಿಸುವ ಅಗತ್ಯವೇ ಇಲ್ಲ. ಇಷ್ಟರ ಮೇಲೆ, 1948ರ ಅಕ್ಟೋಬರಿನಿಂದ ಮದ್ರಾಸ್ ಪ್ರಾಂತ್ಯದಾದ್ಯಂತ ಪಾನನಿಷೇಧ ಜಾರಿಯಲ್ಲಿತ್ತು. ಮೂಲದ ಮೊದಲ ಅಂಕದಲ್ಲಿ ಬಾಬರ್ಲಿಯು ಜ್ಯಾಕನ ಕೋಣೆಯಿಂದ ಶಾಂಪೇನಿನ ಬಾಟಲಿಗಳನ್ನು ಚೀಲದಲ್ಲಿ ಅಡಗಿಸಿ ಸಾಗಿಸಲು ನೋಡುವ ಪ್ರಸಂಗವಿದೆ; ಅಲ್ಲಿ ಅದು ಬರೀ ತುಂಟತನ. 1952ರ ಬಳ್ಳಾರಿಯಲ್ಲಿ ಒಂದೇ ಒಂದು ಬಾಟಲಿ ಚೀಲದಲ್ಲಿದ್ದರೆ ಸಾಕು, ಅದು ಪೊಲೀಸ್ ಕೇಸು. ಹುಡುಗಿಯ ಪೋಷಕನನ್ನು ಸರ್ಕಾರಿ ವಕೀಲನನ್ನಾಗಿ ಮಾಡಿದರೆ, ಅವನು ಕೋಣೆಗೆ ಕಾಲಿಟ್ಟಾಗ ಮೂವರು ಹುಡುಗರಿಗೂ ಬೆವರೊಡೆಯುವುದಕ್ಕೆ ಎರಡೆರಡು ಕಾರಣಗಳು ಸಿಗುತ್ತವೆ. ಆದರೆ ಬಾಟಲಿಯ ಎಳೆಯನ್ನು ಮೊದಲ ಅಂಕದಲ್ಲಿಯೇ ಮುಗಿಸಿಬಿಡಬೇಕು. ಮುಂದುವರಿಸಿದರೆ ಅತ್ತೆಯ ಕಥೆಗೆ ಅದು ಸವತಿಯಾಗುತ್ತದೆ.

ಇನ್ನು ಅತ್ತೆ ಎಲ್ಲಿಂದ ಬರಬೇಕು? ಮೂಲದಲ್ಲಿ ಸುಳ್ಳು ಅತ್ತೆಗೆ ಬ್ರೆಜಿಲಿನ ಬಗ್ಗೆ ಗೊತ್ತಿರುವುದು ಒಂದೇ, ಅಲ್ಲಿಂದ ಒಂದು ಬಗೆಯ ಬೀಜ ಬರುತ್ತದೆ ಎಂಬುದು. ಅದನ್ನೇ ಅವನು ಪದೇ ಪದೇ ಹೇಳುತ್ತಾನೆ. ನಮಗೆ ಬೇಕಾದದ್ದು ರಂಗದ ಮೇಲಿರುವ ಯಾರೂ ನೋಡಿರದ, ಆದರೆ ಎಲ್ಲರ ಮನೆಯ ಅಡುಗೆಮನೆಗೂ ಏನಾದರೊಂದನ್ನು ಕಳಿಸುವ ಊರು. ಜಂಜಿಬಾರ್ ಅದಕ್ಕೆ ಸರಿಯಾಗಿ ಹೊಂದುತ್ತದೆ. ಆಗ ಬ್ರಿಟಿಷರ ರಕ್ಷಣೆಯಲ್ಲಿದ್ದ ಆ ದ್ವೀಪದಲ್ಲಿ ಭಾರತದ ವ್ಯಾಪಾರಿಗಳು ಬಹಳ ಮಂದಿ ಇದ್ದರು, ಲವಂಗಕ್ಕೆ ಅದು ಜಗತ್ತಿನಲ್ಲಿಯೇ ಹೆಸರಾಗಿತ್ತು. ಯಾರು ಏನು ಕೇಳಿದರೂ ಸೆರಗು ಸರಿಪಡಿಸಿಕೊಂಡು, “ಲವಂಗ ಬರ್ತೈತಲ್ರೀ ಜಂಜಿಬಾರಿಂದ, ಅಲ್ಲಿಯಾಕಿ ನಾನು” ಎಂದು ಹೇಳಿದರೆ ಸಾಕು. ಈ ಮಾತನ್ನು ಇಡೀ ನಾಟಕದಲ್ಲಿ ಐದಾರು ಸಲಕ್ಕಿಂತ ಹೆಚ್ಚು ಬಳಸಬಾರದು, ಮತ್ತು ಕೊನೆಯ ಸಲ ಅದನ್ನು ನಿಜವಾದ ಅತ್ತೆಯ ಬಾಯಲ್ಲಿ ಇಡಬೇಕು. ಹಡಗು ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಗುಂತಕಲ್ಲಿಗೆ ಬಂದು, ಗಾಡಿ ಬದಲಿಸಿ ಬಳ್ಳಾರಿ ತಲುಪಬೇಕು. ಗುಂತಕಲ್ಲಿನಲ್ಲಿ ಗಾಡಿ ತಪ್ಪುವುದನ್ನು ಈ ಭಾಗದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಊಟದ ಏರ್ಪಾಡನ್ನು ಮಾತ್ರ ಬದಲಿಸಬೇಕು. ಆ ಕಾಲದಲ್ಲಿ ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ, ಆ ಪ್ರಶ್ನೆಯನ್ನು ಎತ್ತಿದರೆ ನಾಟಕ ಬೇರೆಯೇ ಆಗುತ್ತದೆ. ಚಹಾ ಮತ್ತು ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಾಕು. ಪಾತ್ರಗಳಿಗೆ ಮನೆತನದ ಹೆಸರುಗಳನ್ನು ಕೊಡದೆ ಬರೀ ಹೆಸರುಗಳನ್ನಿಟ್ಟರೆ, ಈ ಜಾತಿಯವರಿಗೂ ಆ ಜಾತಿಯವರಿಗೂ ಹೇಗೆ ಮದುವೆಯಾಯಿತೆಂದು ಲೆಕ್ಕ ಹಾಕುವ ಪ್ರೇಕ್ಷಕರಿಗೆ ಕೆಲಸವಿರುವುದಿಲ್ಲ.

ಸೀರೆಯುಟ್ಟ ಗಂಡಸು ಮತ್ತು ನಿಜವಾದ ಅತ್ತೆ

ಈ ನಾಟಕವನ್ನು ಇಂದು ಆಡುವವರು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕು: ಪ್ರೇಕ್ಷಕರು ನಗುವುದು ಯಾವುದಕ್ಕೆ? ಗಂಡಸೊಬ್ಬ ಸೀರೆ ಉಟ್ಟದ್ದಕ್ಕೆ ನಗುವುದಾದರೆ, ಬಳ್ಳಾರಿ, ಕೊಪ್ಪಳಗಳಲ್ಲಿ ಅದು ಕ್ರೂರವಾದ ನಗುವಾಗುತ್ತದೆ. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಸೀರೆಯುಟ್ಟು ಬದುಕುವ, ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ ಬರುವ ಜೋಗತಿಯರನ್ನು ಕಾಣದವರು ಇಲ್ಲಿ ಯಾರಿದ್ದಾರೆ? ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅಂಥವರು ಮೊದಲ ಸಾಲಿನಲ್ಲಿ ಕುಳಿತಿದ್ದಾರೆಂದು ಭಾವಿಸಿಕೊಂಡೇ ಪ್ರತಿ ದೃಶ್ಯವನ್ನೂ ಕಟ್ಟಬೇಕು. ಆದ್ದರಿಂದ ಬಾಬರ್ಲಿಯ ಪಾತ್ರಧಾರಿಗೆ ಮೊದಲ ದಿನವೇ ಹೇಳಬೇಕಾದ ಮಾತೆಂದರೆ, ಸೊಂಟ ಬಳುಕಿಸಬಾರದು, ಧ್ವನಿಯನ್ನು ಕೀರಲು ಮಾಡಬಾರದು, ಎದೆಯ ಮೇಲೆ ಕೈಯಾಡಿಸಿ ಪ್ರೇಕ್ಷಕರತ್ತ ಕಣ್ಣು ಹೊಡೆಯಬಾರದು. ಅವನು ಸುಳ್ಳಿನಲ್ಲಿ ಸಿಕ್ಕಿಕೊಂಡು ಒದ್ದಾಡುವ ಹುಡುಗ. ಹೊರಬರುವ ದಾರಿ ಹುಡುಕುವುದರಲ್ಲಿಯೇ ಅವನ ಗಮನವೆಲ್ಲ ಇರುತ್ತದೆ. ನಗು ಅವನ ಸುಳ್ಳಿನ ಮೇಲೆ ಬೀಳಬೇಕು, ಅದಕ್ಕಿಂತ ಹೆಚ್ಚಾಗಿ ಹಣ ಕಂಡೊಡನೆ ಕಣ್ಣು ಕಾಣದಾಗುವ ವಕೀಲನ ಮೇಲೆ ಬೀಳಬೇಕು.

ಸ್ತ್ರೀಪಾತ್ರ ಮಾಡಿದ ಅನುಭವವಿರುವ ಹಿರಿಯ ಕಂಪನಿ ನಟರು ಸಿಕ್ಕರೆ ಒಂದೆರಡು ವಾರ ಅವರನ್ನು ಕರೆಸಬೇಕು. ಅವರು ಕಲಿಸುವುದು ಅಣಕವನ್ನಲ್ಲ. ಸೆರಗನ್ನು ಯಾವ ಕೈಯಲ್ಲಿ ಹಿಡಿಯಬೇಕು, ನೆಲದ ಮೇಲೆ ಕೂರುವಾಗ ನಿರಿಗೆಯನ್ನು ಹೇಗೆ ಒತ್ತಬೇಕು, ಮೆಟ್ಟಿಲಿಳಿಯುವಾಗ ಎಷ್ಟು ಎತ್ತಬೇಕು ಎಂಬ ಕಲೆಯನ್ನು. ತಮಾಷೆಯೆಂದರೆ, ಬಾಬರ್ಲಿ ಈ ಕಲೆಯನ್ನು ಮೊದಲ ಅಂಕದಲ್ಲಿ ತಪ್ಪು ತಪ್ಪಾಗಿ ಮಾಡಿ, ಮೂರನೆಯ ಅಂಕದ ಹೊತ್ತಿಗೆ ಅದರಲ್ಲಿ ನುರಿತವನಾಗಿರಬೇಕು. ಸುಳ್ಳು ಬಿಚ್ಚಿಹೋಗಬೇಕಾದ ಗಳಿಗೆಯಲ್ಲಿ ಅವನು ನಿಜಕ್ಕೂ ಗರತಿಯಂತೆ ಕಾಣುತ್ತಾನೆ.

ನಾಟಕದ ಭಾರವನ್ನು ಸುಳ್ಳು ಅತ್ತೆಯಿಂದ ನಿಜವಾದ ಅತ್ತೆಯ ಕಡೆಗೆ ಸರಿಸುವುದೇ ಇಂದಿನ ಮರುಪ್ರಯೋಗದ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ. ಇದಕ್ಕಾಗಿ ಮೂಲವನ್ನು ತಿದ್ದಬೇಕಾಗಿಯೂ ಇಲ್ಲ. ಎಲ್ಲರಿಗಿಂತ ಹೆಚ್ಚು ಬುದ್ಧಿಯುಳ್ಳವಳು ಅವಳೇ. ಬಾಬರ್ಲಿ ಬೀಸಿದ ಬಲೆಯಲ್ಲಿ ಅವನೇ ಬೀಳುವುದನ್ನು ನೋಡುತ್ತಾ, ಬೇಕಾದಾಗ ಒಂದು ಪ್ರಶ್ನೆ ಕೇಳಿ ಆ ಬಲೆಯನ್ನು ಇನ್ನಷ್ಟು ಬಿಗಿಯುವವಳೂ ಅವಳೇ. ಹಿಂದಿನ ಪ್ರಯೋಗಗಳಲ್ಲಿ ವೇಷಧಾರಿ ನಟನ ಹೆಸರು ದೊಡ್ಡದಾಗಿದ್ದುದರಿಂದ ಅವಳು ಹಿಂದೆ ಸರಿದಿರಬಹುದು. ಲಂಡನ್ನಿನಲ್ಲಿ ಆ ವೇಷ ಹಾಕಿದ ಡಬ್ಲ್ಯೂ. ಎಸ್. ಪೆನ್ಲಿ ಸ್ವತಃ ನಾಟಕದ ನಿರ್ಮಾಪಕನೂ ಆಗಿದ್ದ. ನೀವು ಪಾತ್ರ ಹಂಚುವಾಗ ಮೊದಲು ಅತ್ತೆಯ ಪಾತ್ರಕ್ಕೆ ನಟಿಯನ್ನು ಗೊತ್ತುಪಡಿಸಿ, ಆಮೇಲೆ ಉಳಿದವರನ್ನು ನೋಡಿ. ಈ ಸೀಮೆಯಲ್ಲಿ ವೃತ್ತಿ ರಂಗಭೂಮಿಯಲ್ಲಿ ನುರಿತ ನಟಿಯರಿಗೆ ಕೊರತೆಯಿಲ್ಲ. ಮರಿಯಮ್ಮನಹಳ್ಳಿ ಎಂದರೆ ಸಾಕು. ವಕೀಲಿ ಮಾಡುತ್ತಲೇ ನಾಟಕವಾಡಿದ ಬಳ್ಳಾರಿ ರಾಘವರು (1880–1946) ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಹಟ ಹಿಡಿದು, ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದವರು. ಅವರ ಊರಿನಲ್ಲಿ ಗಂಡು ಅತ್ತೆ ಮತ್ತು ಹೆಣ್ಣು ಅತ್ತೆ ಒಂದೇ ರಂಗದ ಮೇಲೆ ಎದುರುಬದುರು ಕುಳಿತು ಮಾತಾಡುವ ದೃಶ್ಯಕ್ಕೆ ಬೇರೆಲ್ಲಿಯೂ ಬರದ ಅರ್ಥ ಬರುತ್ತದೆ.

ಅವಳು ವಿಧವೆಯೆಂಬುದನ್ನು ಮುಚ್ಚಬಾರದು, ಅದನ್ನು ತಮಾಷೆಗೂ ಬಳಸಬಾರದು. ಬಾಬರ್ಲಿಗೆ ಬಿಳಿ ಸೀರೆಯಾಗಲಿ ಮಡಿ ಸೀರೆಯಾಗಲಿ ಬೇಡ. ನಾಟಕದ ಪೆಟ್ಟಿಗೆಯಲ್ಲಿ ಸಿಕ್ಕಿದ ಕಪ್ಪು ರೇಷ್ಮೆ ಸೀರೆ, ಬಿಳಿ ಕೂದಲಿನ ಟೋಪನ್, ಕನ್ನಡಕ ಸಾಕು. ನಿಜವಾದ ಅತ್ತೆ ಮಾತ್ರ ಬಣ್ಣದ ಸೀರೆಯುಟ್ಟು, ಹಣೆಗೆ ಕುಂಕುಮವಿಲ್ಲದೆ, ಯಾರ ಅಪ್ಪಣೆಗೂ ಕಾಯದವಳಂತೆ ಬರಬೇಕು. ಕೊನೆಯಲ್ಲಿ ಅವಳು ತನ್ನ ಹಳೆಯ ಪ್ರಿಯ ಸರ್ ಫ್ರಾನ್ಸಿಸನನ್ನು ಮದುವೆಯಾಗಲು ಒಪ್ಪುವ ಮಾತು 1952ರ ಬಳ್ಳಾರಿಯಲ್ಲಿ ಹಗುರವಾದ ಮಾತಲ್ಲ. ಅಲ್ಲಿ ಹಾರ್ಮೋನಿಯಂ ಬೇಡ, ಆಳಿನ ಚೇಷ್ಟೆಯೂ ಬೇಡ. ಪ್ರೇಕ್ಷಾಗೃಹ ತಾನಾಗಿ ಸುಮ್ಮನಾಗುತ್ತದೆ, ಅದನ್ನು ಹಾಗೆಯೇ ಬಿಡಬೇಕು.

ಹುಡುಗಿಯರಿಬ್ಬರಿಗೂ ಮೊದಲೇ ಗುಟ್ಟು ಗೊತ್ತಾಗುವಂತೆ ಬದಲಿಸಿದರೆ ಅವರಿಗೆ ಬಲ ಬರುತ್ತದೆಂದು ಕೆಲವರು ವಾದಿಸಬಹುದು. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಕೊನೆಯ ಅಂಕದ ತಪ್ಪೊಪ್ಪಿಗೆಗೆ ಕೇಳುವವರೇ ಇರುವುದಿಲ್ಲ. ಅದರ ಬದಲು ಗುಟ್ಟು ಬಯಲಾದ ಮೇಲೆ ಹುಡುಗಿಯರು ತಕ್ಷಣ ಕ್ಷಮಿಸದೆ, ಮೋಸ ಮಾಡಿದವರನ್ನು ನಾಲ್ಕು ಮಾತು ಕೇಳಿಯೇ ಒಪ್ಪುವಂತೆ ಒಂದು ಪುಟ ಸೇರಿಸಬಹುದು. ಆ ಪುಟವನ್ನು ಆ ಪಾತ್ರ ಮಾಡುವ ಹುಡುಗಿಯರಿಂದಲೇ ಬರೆಸಿ.

ಚಹಾದ ದೃಶ್ಯ

ಎರಡನೆಯ ಅಂಕದ ನಡುವೆ ಸುಳ್ಳು ಅತ್ತೆ ಎಲ್ಲರಿಗೂ ಚಹಾ ಕೊಡುತ್ತಾ, ಗಮನ ಬೇರೆಡೆಗೆ ಹೋಗಿ, ಸ್ಪೆಟಿಗ್ಯೂವಿನ ಟೋಪಿಯೊಳಕ್ಕೆ ಚಹಾ ಸುರಿಯುವ ಪ್ರಸಂಗ ಈ ನಾಟಕದ ಅತ್ಯಂತ ಪ್ರಸಿದ್ಧ ಕ್ಷಣ. ಇದನ್ನು ಸರಿಯಾಗಿ ಮಾಡುವುದು ಸುಲಭವಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1952ರ ವಕೀಲನಿಗೆ ಟೋಪಿಯ ಬದಲು ಸಿದ್ಧವಾಗಿ ಸುತ್ತಿಟ್ಟ ಪೇಟವನ್ನು ಕೊಡಬಹುದು. ಅವನು ಪ್ರೇಮನಿವೇದನೆಗೆ ಮುಂಚೆ ಅದನ್ನು ತೆಗೆದು, ಮೇಜಿನ ಮೇಲೆ ಬೋರಲಾಗಿ ಅಲ್ಲ, ಬಾಯಿ ಮೇಲಾಗಿ ಇಡಬೇಕು. ಹಾಗೆ ಇಡುವುದಕ್ಕೆ ಕಾರಣ ಕಾಣಬೇಕು, ಉದಾಹರಣೆಗೆ ಅದರೊಳಗಿಂದ ಕರವಸ್ತ್ರ ತೆಗೆದು ನೆತ್ತಿಯ ಬೆವರೊರೆಸಿಕೊಳ್ಳುವುದು. ಪೇಟದೊಳಗೆ ಸರಿಯಾಗಿ ಕೂರುವಂಥ ಸ್ಟೀಲ್ ಬಟ್ಟಲೊಂದನ್ನು ಹೊಲಿದಿಟ್ಟು, ಅದರ ತಳಕ್ಕೆ ದಪ್ಪ ಬಟ್ಟೆ ಹಾಸಬೇಕು, ಇಲ್ಲದಿದ್ದರೆ ಚಹಾ ಬೀಳುವ ಸದ್ದಿಗೆ ಬಟ್ಟಲಿನ ಗುಟ್ಟು ರಟ್ಟಾಗುತ್ತದೆ. ಚಹಾ ಬಿಸಿಯಾಗಿರಬಾರದು, ಹಾಲು ಹಾಕಿದ್ದು ಬಟ್ಟೆಯ ಮೇಲೆ ಕಲೆ ಬಿಟ್ಟು ವಾಸನೆ ಹಿಡಿಯುವುದರಿಂದ, ಬಣ್ಣ ಮಾತ್ರ ಬಂದಿರುವ ತಿಳಿ ಡಿಕಾಕ್ಷನ್ ಒಳ್ಳೆಯದು.

ಇನ್ನು ಅಭಿನಯ. ಬಾಬರ್ಲಿಯ ಕಣ್ಣು ಕೆಟಲಿನ ಮೇಲೂ ಇರಬಾರದು, ಪೇಟದ ಮೇಲೂ ಇರಬಾರದು. ಅವನು ನೋಡುತ್ತಿರಬೇಕಾದದ್ದು ತಾನು ಪ್ರೀತಿಸುವ ಈಲಾ ಎಂಬ ಹುಡುಗಿಯನ್ನು. ಅವಳು ಆಗತಾನೆ ನಿಜವಾದ ಅತ್ತೆಯೊಂದಿಗೆ ಬಂದು ಕುಳಿತಿದ್ದಾಳೆ. ಕೆಟಲಿನ ಮೂತಿ ಕಪ್ಪಿನ ಮೇಲೆ ಬಂದು ನಿಂತು, ಅಲ್ಲಿಂದ ಅರ್ಧ ಗೇಣು ಸರಿದು ಪೇಟದ ಮೇಲೆ ನಿಲ್ಲುತ್ತದೆ. ಪ್ರೇಕ್ಷಕರು ಅದನ್ನು ಕಾಣುವುದಕ್ಕೆ ಒಂದು ಉಸಿರು ಬಿಡಬೇಕು, ಆಮೇಲೆ ಸುರಿಯಬೇಕು. ನಗು ಏರಿ ಇಳಿಯಲು ತೊಡಗಿದಾಗ, ಪೂರ್ತಿ ಇಳಿಯುವ ಮುಂಚೆ, “ಸಕ್ರಿ ಎಷ್ಟು ಹಾಕ್ಲಿ ವಕೀಲ್ರೇ?” ಎಂದು ಕೇಳಬೇಕು. ವಕೀಲ ಸುಳ್ಳು ಅತ್ತೆಯ ಮುಖವನ್ನೇ ನೋಡುತ್ತಾ ಎರಡು ಬೆರಳು ತೋರಿಸುತ್ತಾನೆ. ಎರಡು ಚಮಚ ಸಕ್ಕರೆಯೂ ಪೇಟಕ್ಕೇ ಬೀಳುತ್ತದೆ, ಕಲಕುವುದೂ ಅದರಲ್ಲಿಯೇ. ಇದೆಲ್ಲವನ್ನೂ ನೋಡುತ್ತಿರುವವಳು ನಿಜವಾದ ಅತ್ತೆಯೊಬ್ಬಳೇ. ಅವಳು ನಗಬಾರದು, ತನ್ನ ಕಪ್ಪನ್ನು ಮಾತ್ರ ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ಸರಿಸಿಕೊಳ್ಳಬೇಕು. ಈ ಒಂದೂವರೆ ನಿಮಿಷಕ್ಕೆ ದಿನಾಲು ಕಾಲು ಗಂಟೆಯ ತಾಲೀಮು ಬೇಕು, ಮೊದಲು ಖಾಲಿ ಕೆಟಲಿನಲ್ಲಿ, ಆಮೇಲೆ ನೀರಿನಲ್ಲಿ, ಕೊನೆಯ ವಾರ ನಿಜವಾದ ಪೇಟದಲ್ಲಿ.

ಬಾಗಿಲು, ಉಡುಪು, ತಾಲೀಮು

ಕಂಪನಿ ನಾಟಕದ ಅರಮನೆ, ಬೀದಿ, ಕಾಡುಗಳ ಪರದೆಗಳು ಚೆಲುವಾದವು, ಆದರೆ ಪ್ರಹಸನಕ್ಕೆ ಬೇಕಾದದ್ದು ಬಾಗಿಲು. ಒಬ್ಬ ಹೊರಗೆ ಹೋದ ಬಾಗಿಲು ಮುಚ್ಚುವ ಮುಂಚೆಯೇ ಇನ್ನೊಬ್ಬ ಮತ್ತೊಂದರಿಂದ ಬರಬೇಕು. ಪರದೆಯ ಸಂದಿನಿಂದ ತೂರಿ ಬಂದರೆ ಆ ಬಿಗಿ ಬರುವುದಿಲ್ಲ. ಎರಡು ಬಾಗಿಲು, ಒಂದು ಕಿಟಕಿ ಸಾಕು. ಚೌಕಟ್ಟನ್ನು ಗಟ್ಟಿಮರದಲ್ಲಿ ಮಾಡಿಸಿ, ಹಿಂದುಗಡೆ ಆಸರೆಯ ಪಟ್ಟಿ ಕೊಟ್ಟು, ಅದರ ಮೇಲೆ ಮರಳಿನ ಚೀಲ ಹೇರಬೇಕು. ಬಾಗಿಲನ್ನು ಜೋರಾಗಿ ಬಡಿದಾಗ ಗೋಡೆ ಅಲುಗಿದರೆ ಇಡೀ ಕೋಣೆ ಸುಳ್ಳಾಗುತ್ತದೆ. ಬಾಗಿಲುಗಳು ರಂಗದ ಹೊರಕ್ಕೆ ತೆರೆಯಬೇಕು. ಎರಡನೆಯ ಅಂಕದ ತೋಟವನ್ನು ಕೋಣೆಯ ಮುಂದಿನ ಅಂಗಳವನ್ನಾಗಿ ಮಾಡಿಕೊಂಡರೆ ಅದೇ ಬಾಗಿಲುಗಳನ್ನು ತಿರುಗಿಸಿ ಬಳಸಬಹುದು.

ಸುಳ್ಳು ಅತ್ತೆಯ ಸೀರೆಯನ್ನು ಪ್ರತಿ ಸಲ ಉಡಿಸುತ್ತಾ ಕುಳಿತರೆ ಆಗದು. ನಿರಿಗೆ ಹಿಡಿದು ಹೊಲಿದು, ಸೊಂಟಕ್ಕೆ ಅಗಲವಾದ ಪಟ್ಟಿ ಮತ್ತು ಅಂಟುವ ವೆಲ್ಕ್ರೋ ಇಟ್ಟು, ಪ್ಯಾಂಟಿನ ಮೇಲೆಯೇ ಅರ್ಧ ನಿಮಿಷದಲ್ಲಿ ತೊಟ್ಟು ಕಳಚುವಂತಿರಬೇಕು. ಬಳ್ಳಾರಿಯ ಜೀನ್ಸ್ ಹೊಲಿಯುವ ಕೈಗಳಿಗೆ ಇದು ಲೆಕ್ಕಕ್ಕಿಲ್ಲದ ಕೆಲಸ. ದಪ್ಪ ಬಟ್ಟೆಗೆ ಹಾಕುವ ಹೊಲಿಗೆಯನ್ನೇ ಇದಕ್ಕೂ ಹಾಕಿಸಿ, ಏಕೆಂದರೆ ಓಡುವಾಗ ಕಾಲು ಸಿಕ್ಕಿ ಸೀಳುವುದು ಸಾಮಾನ್ಯ ಹೊಲಿಗೆಯೇ. ಪ್ರದರ್ಶನದ ಸೀರೆಯನ್ನಲ್ಲದಿದ್ದರೂ ಅಷ್ಟೇ ತೂಕದ ಒಂದು ಸೀರೆಯನ್ನು ಮೊದಲ ವಾರದಿಂದಲೇ ನಟ ತೊಡಬೇಕು.

ತಾಲೀಮಿಗೆ ಎರಡು ತಿಂಗಳು ಇಟ್ಟುಕೊಳ್ಳಿ. ಮೊದಲ ಎರಡು ವಾರ ಕುಳಿತು ಓದುವುದು, ಮೇಲೆ ಹೇಳಿದ ಪಟ್ಟಿಯನ್ನು ತುಂಬುವುದು, ಭಾಷೆಯನ್ನು ಬಾಯಿಗೆ ಹೊಂದಿಸುವುದು. ಆಡುಮಾತು ಬಳ್ಳಾರಿಯದಾಗಿರಲಿ, ಆದರೆ ಎಲ್ಲರದ್ದೂ ಒಂದೇ ಬಗೆಯದಾಗಬಾರದು: ಹಳ್ಳಿಯಿಂದ ಬಂದ ಹುಡುಗನದು ಒಂದು, ಕೋರ್ಟಿನ ವಕೀಲನದು ಇನ್ನೊಂದು. ವಕೀಲನ ಮಾತಿನಲ್ಲಿ ತೆಲುಗು ನುಸುಳುವುದು ಆ ಕಾಲದ ಊರಿಗೆ ಸಹಜ. ಅದನ್ನು ಗೇಲಿಯ ವಸ್ತುವಾಗಿಸದೆ, ಸಿಟ್ಟು ಬಂದಾಗ ಮಾತ್ರ ಅವನ ಬಾಯಿಗೆ ತೆಲುಗು ಬರುವಂತೆ ಮಾಡಿದರೆ ಸಾಕು. ಮೂರನೆಯ ವಾರದಿಂದ ಚಲನೆ. ಕೊನೆಯ ಎರಡು ವಾರ ನಿಲ್ಲಿಸದೆ ಓಡಿಸುವುದು, ಕೈಯಲ್ಲಿ ಗಡಿಯಾರ ಹಿಡಿದು. ಮೂಲದ ಮೂರು ಅಂಕಗಳನ್ನು ವಿರಾಮ ಸೇರಿಸಿ ಎರಡೂ ಕಾಲು ಗಂಟೆಗೆ ಇಳಿಸಬೇಕು. ಕತ್ತರಿ ಹಾಕಬೇಕಾದದ್ದು ಮೊದಲ ಅಂಕದ ಪ್ರೇಮಪತ್ರ ಬರೆಯುವ ಮಾತುಗಳಿಗೆ, ಸಾಲದ ವಿವರಗಳಿಗೆ. ವಿರಾಮವನ್ನು ಎರಡನೆಯ ಅಂಕದ ಮಧ್ಯದಲ್ಲಿ, ನಿಜವಾದ ಅತ್ತೆ ಟಾಂಗಾ ಇಳಿದು ತನ್ನ ಹೆಸರು ಹೇಳಲು ಬಾಯಿ ತೆರೆದು, ಒಳಗಿನಿಂದ ಇನ್ನೊಬ್ಬ ಅತ್ತೆಯ ದನಿ ಕೇಳಿ ಬಾಯಿ ಮುಚ್ಚಿಕೊಳ್ಳುವಲ್ಲಿ ಕೊಡಿ.

ಕಂಪನಿ ನಾಟಕದ ಹಾಸ್ಯನಟರನ್ನು ಕರೆತರುವುದಾದರೆ ಒಂದು ಒಪ್ಪಂದ ಮೊದಲೇ ಆಗಬೇಕು. ಪ್ರೇಕ್ಷಕರೊಂದಿಗೆ ನೇರ ಮಾತಾಡುವ ಹಕ್ಕು ಆಳಿನ ಪಾತ್ರಕ್ಕೊಂದಕ್ಕೇ ಇರಲಿ, ಅದೂ ಅಂಕಕ್ಕೆ ಎರಡು ಸಲ. ‘ಒನ್ಸ್ ಮೋರ್’ ಕೂಗಿಗೆ ಹಾಡನ್ನು ಮರಳಿ ಹಾಡುವ ಪದ್ಧತಿ ಕಂಪನಿ ನಾಟಕಕ್ಕೆ ಶೋಭಿಸುತ್ತದೆ. ಇಲ್ಲಿ ಚಹಾದ ದೃಶ್ಯವನ್ನು ಎರಡನೆಯ ಸಲ ಮಾಡಿದರೆ ಉಳಿದರ್ಧ ನಾಟಕ ಕುಸಿಯುತ್ತದೆ. ಹಾಡು ಬೇಕೇ ಬೇಕೆಂದರೆ ಮೂರನೆಯ ಅಂಕದ ಆರಂಭಕ್ಕೆ ಒಂದು, ಅದನ್ನು ಈಲಾಳಿಗೆ ಕೊಡಿ. ತಾನು ಒಬ್ಬನನ್ನು ಪ್ರೀತಿಸುತ್ತಿರುವ ಗುಟ್ಟನ್ನು ಅವಳು ಸುಳ್ಳು ಅತ್ತೆಯೆದುರಿಗೇ ಹೇಳಿಕೊಳ್ಳುತ್ತಾಳೆ. ಆ ಒಬ್ಬನೇ ಎದುರಿಗೆ ಸೀರೆಯುಟ್ಟು ಕುಳಿತು, ಬಾಯಿ ಬಿಡಲಾಗದೆ ಕೇಳುತ್ತಿರುತ್ತಾನೆ.

ಪೂರ್ಣ ಓಟಕ್ಕೆ ಮುಂಚೆ ಹತ್ತಿಪ್ಪತ್ತು ಜನರ ಎದುರು ಒಮ್ಮೆ ಆಡಬೇಕು, ಅವರಲ್ಲಿ ಅರ್ಧದಷ್ಟಾದರೂ ನಾಟಕ ನೋಡುವ ಅಭ್ಯಾಸವಿಲ್ಲದವರಿರಲಿ. ಪ್ರಾಂಪ್ಟರ್ ತನ್ನ ಪ್ರತಿಯ ಅಂಚಿನಲ್ಲಿ ನಗು ಬಂದ ಕಡೆ ಒಂದು ಗೆರೆ, ಬರಬೇಕಾಗಿದ್ದೂ ಬಾರದ ಕಡೆ ಇನ್ನೊಂದು ಗುರುತು ಹಾಕುತ್ತಾ ಹೋಗಬೇಕು. ನಗು ಬಾರದ ಕಡೆ ಮಾತನ್ನು ಬದಲಿಸುವ ಮುಂಚೆ ಅದರ ಹಿಂದಿನ ಪುಟವನ್ನು ನೋಡಿ. ಗೊತ್ತಿರಬೇಕಾದ ಸಂಗತಿ ಪ್ರೇಕ್ಷಕರಿಗೆ ಅಲ್ಲಿ ಸರಿಯಾಗಿ ಮುಟ್ಟಿರುವುದಿಲ್ಲ, ಬಹುಪಾಲು ದೋಷ ಅದೇ ಆಗಿರುತ್ತದೆ.

ಪ್ರದರ್ಶನಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ; ಏಪ್ರಿಲ್, ಮೇ ತಿಂಗಳ ಬಳ್ಳಾರಿಯ ಸೆಕೆಯಲ್ಲಿ ಪ್ಯಾಂಟಿನ ಮೇಲೆ ರೇಷ್ಮೆ ಸೀರೆ, ಅದರ ಮೇಲೆ ಟೋಪನ್ ಧರಿಸಿ ಎರಡು ಗಂಟೆ ಓಡಾಡುವ ನಟನನ್ನು ದಂಡಿಸಿದಂತಾಗುತ್ತದೆ. ಮದುವೆ ಮುಂತಾದ ಕಾರ್ಯಗಳಿಗೆ ಹೆಸರಾದ ದೊಡ್ಡ ಸಭಾಂಗಣಗಳಿಗಿಂತ ಹಿಂದಿನ ಸಾಲಿನವರಿಗೂ ಕಪ್ಪು, ಕೆಟಲು ಕಾಣುವಂಥ ಸಣ್ಣ ರಂಗಮಂದಿರ ಲೇಸು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರವೂ ಜೋಳದರಾಶಿ ದೊಡ್ಡನಗೌಡ ರಂಗಮಂದಿರವೂ ಇವೆ. ರಾಯಚೂರಿಗೆ ಒಯ್ಯುವುದಾದರೆ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರವಿದೆ. ಊರೂರಿಗೆ ತಿರುಗುವ ಯೋಚನೆಯಿದ್ದರೆ ಬಾಗಿಲಿನ ಚೌಕಟ್ಟನ್ನು ಮೊಳೆ ಹೊಡೆಯದೆ ಬೋಲ್ಟಿನಲ್ಲಿಯೇ ಜೋಡಿಸಿರಬೇಕು, ಪ್ರತಿ ತುಂಡಿನ ಹಿಂದೆಯೂ ಬಣ್ಣದಲ್ಲಿ ಅಂಕಿ ಬರೆದಿರಬೇಕು. ಹೊಸ ರಂಗಕ್ಕೆ ಹೋದ ದಿನ ನಟರು ಮಾತಿನ ತಾಲೀಮನ್ನು ಬಿಟ್ಟರೂ ನಡೆದೀತು, ಪ್ರತಿಯೊಂದು ಪ್ರವೇಶ ಮತ್ತು ನಿರ್ಗಮನವನ್ನು ಒಮ್ಮೆ ನಡೆದು, ಬಾಗಿಲುಗಳನ್ನು ತೆರೆದು ಮುಚ್ಚಿ ನೋಡುವುದನ್ನು ಬಿಡುವಂತಿಲ್ಲ. ರಂಗದ ಅಗಲ ನಾಲ್ಕು ಹೆಜ್ಜೆ ಹೆಚ್ಚಾದರೂ ಚಹಾದ ಕೆಟಲು ಮೇಜಿಗೆ ಬರುವ ಹೊತ್ತು ತಪ್ಪುತ್ತದೆ.